ಊರಿನ ತೊಟ್ಟಿಲು, ಮುಂಬಯಿಯ ಜೋಲಿ: ಹಸುಗೂಸಿನ ಹುಟ್ಟುಗುಣ ಮತ್ತು ನಿದ್ದೆ

ಮುಂಬಯಿಯ ಕನ್ನಡಿಗರ ಅನೇಕ ಮನೆಗಳಲ್ಲಿ ಒಂದು ಪದ್ಧತಿ ಇಂದಿಗೂ ಉಳಿದುಕೊಂಡು ಬಂದಿದೆ. ಸೀಮಂತ ಮುಗಿಸಿ ಸೊಸೆಯನ್ನು ಚೊಚ್ಚಲ ಹೆರಿಗೆಗೆ ಊರಿಗೆ ಕಳುಹಿಸುವುದು. ಕರಾವಳಿಯವರಾದರೆ ಮತ್ಸ್ಯಗಂಧ ರೈಲು, ಕಲಬುರಗಿ ಕಡೆಯವರಾದರೆ ಉದ್ಯಾನ್ ಎಕ್ಸ್‌ಪ್ರೆಸ್. ಅಲ್ಲಿ ತಾಯಿಮನೆಯ ಬಾಣಂತನ, ಎಣ್ಣೆ ಸ್ನಾನ, ಮಗುವಿನ ನಾಮಕರಣ. ಮೂರೋ ಐದೋ ತಿಂಗಳು ತುಂಬಿದ ಬಳಿಕ ಒಳ್ಳೆಯ ದಿನ ನೋಡಿ ತಾಯಿ-ಮಗು ಮುಂಬಯಿಗೆ ಮರಳುತ್ತಾರೆ. ದಹಿಸರ್‌ನಲ್ಲೋ ಭಾಂಡುಪ್‌ನಲ್ಲೋ ಡೊಂಬಿವಲಿಯಲ್ಲೋ ಇರುವ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರಕ್ಕೆ ಹೊಸ ಸದಸ್ಯನ ಆಗಮನವಾಗುತ್ತದೆ. ಕಟ್ಟಡದವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ, ಕೈಗೆ ನೋಟು ಹಿಡಿಸಿ ಹೋಗುತ್ತಾರೆ.

ಮೊದಲ ವಾರ ಕಳೆಯುವಷ್ಟರಲ್ಲಿ ಕೆಲವು ಮನೆಗಳಲ್ಲಿ ತಕರಾರು ಶುರು. ಮಗು ರಾತ್ರಿ ಮಲಗುವುದಿಲ್ಲ. ಹನ್ನೊಂದಕ್ಕೆ ಕಣ್ಣು ಮುಚ್ಚಿದರೆ ಒಂದು ಗಂಟೆಗೆ ಎದ್ದು ಅಳುತ್ತದೆ. "ನಮ್ಮ ಮಗ ಸಣ್ಣವನಿದ್ದಾಗ ಹೀಗೆ ಅತ್ತವನೇ ಅಲ್ಲ" ಎಂದು ಅತ್ತೆ ಹೇಳುತ್ತಾರೆ. ಊರಿನಿಂದ ತಾಯಿ ಫೋನಿನಲ್ಲಿ "ಇಲ್ಲಿರುವಾಗ ಸುಮ್ಮನೆ ಮಲಗುತ್ತಿತ್ತಲ್ಲ ಮಗಾ, ಅಲ್ಲಿ ಏನು ಮಾಡ್ತಿದ್ದೀರಿ?" ಎಂದು ಕೇಳುತ್ತಾರೆ. ಬೆಳಿಗ್ಗೆ 6.40ರ ಲೋಕಲ್ ಹಿಡಿಯಬೇಕಾದ ಗಂಡ ದಿಂಬನ್ನು ಕಿವಿಗೆ ಒತ್ತಿಕೊಂಡು ಮಗ್ಗುಲು ಬದಲಿಸುತ್ತಾನೆ. ಹಾಲು ಸಾಲದು, ತಾಯಿಯ ಪಥ್ಯ ತಪ್ಪಿದೆ, ದೃಷ್ಟಿ ತಾಗಿದೆ, ಮೊಬೈಲ್ ನೋಡುತ್ತಾ ಹಾಲು ಕೊಡುತ್ತಾಳೆ ಹೀಗೆ ಕಾರಣಗಳ ಪಟ್ಟಿ ಬೆಳೆಯುತ್ತದೆ. ಪಟ್ಟಿ ಎಷ್ಟೇ ಉದ್ದವಾದರೂ ಕೊನೆಗೆ ಬೆರಳು ತೋರುವುದು ಒಬ್ಬಳ ಕಡೆಗೇ. ಆಕೆಯೋ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವಳು.

ತಾಯಿಯ ಮೇಲೆ ಗೂಬೆ ಕೂರಿಸುವ ಈ ಅಭ್ಯಾಸ ನಮ್ಮವರದು ಮಾತ್ರ ಎಂದು ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಅಮೆರಿಕದ ದೊಡ್ಡ ದೊಡ್ಡ ಮನೋವೈದ್ಯರೂ ಅದನ್ನೇ ಮಾಡುತ್ತಿದ್ದರು. ಮಗುವಿನಲ್ಲಿ ಏನೇ ದೋಷ ಕಂಡರೂ ತಾಯಿಯ ಪಾಲನೆಯೇ ಕಾರಣ ಎಂಬುದು ಆಗಿನ ಸಿದ್ಧಾಂತ. ಈ ಮಾತನ್ನು ಒಪ್ಪದ ದಂಪತಿಯೊಂದು ನ್ಯೂಯಾರ್ಕಿನಲ್ಲಿತ್ತು. ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್, ಇಬ್ಬರೂ ಮನೋವೈದ್ಯರು. ಒಂದೇ ತಾಯಿ ಒಂದೇ ರೀತಿ ಸಾಕಿದ ಎರಡು ಮಕ್ಕಳು ಹುಟ್ಟಿದ ಮೊದಲ ವಾರಗಳಿಂದಲೇ ಎರಡು ದಾರಿ ಹಿಡಿಯುವುದು ಹೇಗೆ ಎಂಬ ಸರಳ ಪ್ರಶ್ನೆ ಅವರದು. ಎರಡು ಮಕ್ಕಳನ್ನು ಹೆತ್ತ ಯಾವ ತಾಯಿಗೂ ಹೊಳೆಯಬಹುದಾದ ಪ್ರಶ್ನೆ ಅದು. ಆದರೆ ಅದನ್ನು ಹಿಡಿದು ದಶಕಗಳ ಕಾಲ ಬೆನ್ನತ್ತಿದವರು ಇವರು. 1956ರಲ್ಲಿ ಆರಂಭಿಸಿ 133 ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವ ತನಕ ಅವರು ಗಮನಿಸುತ್ತಾ ಹೋದರು.

ಅವರು ನೋಡಿದ ಗುಣಗಳು ಒಂಬತ್ತು. ಮಗು ಎಷ್ಟು ಕೈಕಾಲು ಆಡಿಸುತ್ತದೆ, ಹಸಿವು-ನಿದ್ದೆಗಳು ಗಡಿಯಾರದಂತೆ ಬರುತ್ತವೆಯೇ ಅಥವಾ ದಿನಕ್ಕೊಂದು ಹೊತ್ತಿಗೋ, ಹೊಸ ಮುಖ ಕಂಡರೆ ಮುಂದೆ ಬರುತ್ತದೋ ಹಿಂದೆ ಸರಿಯುತ್ತದೋ, ಬದಲಾವಣೆಗೆ ಎಷ್ಟು ಬೇಗ ಒಗ್ಗುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆಯೇ, ಅತ್ತರೆ ಮೆಲ್ಲಗೋ ಕಟ್ಟಡ ಎದ್ದು ಕೂರುವಂತೆಯೋ, ಸಾಮಾನ್ಯವಾಗಿ ಖುಷಿಯಲ್ಲಿರುತ್ತದೋ ಗುರುಗುಟ್ಟುತ್ತದೋ. ಉಳಿದ ಎರಡೂ ಗಮನಕ್ಕೆ ಸಂಬಂಧಿಸಿದವು. ಒಂದರಿಂದ ಇನ್ನೊಂದಕ್ಕೆ ಮನಸ್ಸನ್ನು ತಿರುಗಿಸುವುದು ಸುಲಭವೇ, ಹಿಡಿದದ್ದನ್ನು ಎಷ್ಟು ಹೊತ್ತು ಹಿಡಿದಿರುತ್ತದೆ. ಇವುಗಳಲ್ಲಿ ಕೆಲವನ್ನು ಆಧರಿಸಿ ಶೇ. 40ರಷ್ಟು ಮಕ್ಕಳನ್ನು ಸುಲಭದ ಮಕ್ಕಳು, ಶೇ. 10ರಷ್ಟನ್ನು ಕಷ್ಟದ ಮಕ್ಕಳು, ಶೇ. 15ರಷ್ಟನ್ನು ನಿಧಾನವಾಗಿ ಒಗ್ಗುವ ಮಕ್ಕಳು ಎಂದು ಅವರು ಹೆಸರಿಸಿದರು. ಕೂಡಿಸಿ ನೋಡಿದರೆ 65 ಆಯಿತು. ಉಳಿದ 35ರ ಲೆಕ್ಕವೇನು ಎಂದು ಯಾರಾದರೂ ಕೇಳಬಹುದು. ಅವು ಯಾವ ಗುಂಪಿಗೂ ಸೇರದ ಮಕ್ಕಳು. ಮೂರರಲ್ಲಿ ಒಂದು ಮಗು ಯಾವ ಹಣೆಪಟ್ಟಿಗೂ ಸಿಗದು ಎಂದು ಆ ದಂಪತಿ ಸುಮ್ಮನೆ ಒಪ್ಪಿಕೊಂಡರು. ಅವರ ಉಳಿದ ಮಾತನ್ನು ನಂಬಲು ಇದೂ ಒಂದು ಕಾರಣ. ನಮ್ಮ ದೇಶದಲ್ಲಿಯೂ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಸವಿತಾ ಮಲ್ಹೋತ್ರಾ ಅವರು 1980ರ ದಶಕದಲ್ಲಿ ಇದೇ ಜಾಡಿನಲ್ಲಿ ಭಾರತೀಯ ಮಕ್ಕಳ ಸ್ವಭಾವ ಅಳೆಯುವ ಪ್ರಶ್ನಾವಳಿ ಸಿದ್ಧಪಡಿಸಿದ್ದು ಉಲ್ಲೇಖನೀಯ.

ತಗ್ಗು ಹೊಸ್ತಿಲಿನ ಮಕ್ಕಳು

ಈ ಒಂಬತ್ತರಲ್ಲಿ ನಿದ್ದೆಗೆ ಅತ್ಯಂತ ಹತ್ತಿರದ್ದು ಯಾವುದು? ರಾತ್ರಿ ಪದೇ ಪದೇ ಏಳುವ ಶಿಶುಗಳನ್ನು ಕುರಿತು ಅಮೆರಿಕದ ಶಿಶುವೈದ್ಯ ವಿಲಿಯಂ ಕೇರಿ 1974ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಥ ಮಕ್ಕಳಲ್ಲಿ ಎದ್ದು ಕಂಡದ್ದು ಒಂದು ಗುಣ. ಸದ್ದು, ಬೆಳಕು, ಸ್ಪರ್ಶಗಳಿಗೆ ಬೇಗನೆ ಸ್ಪಂದಿಸುವುದು. ಮನೆಯ ಹೊಸ್ತಿಲಿಗೆ ಇದನ್ನು ಹೋಲಿಸಬಹುದು. ಕೆಲವು ಮಕ್ಕಳ ಹೊಸ್ತಿಲು ಎತ್ತರ, ಹೊರಗಿನ ಗದ್ದಲ ಒಳಗೆ ದಾಟಿ ಬರುವುದಿಲ್ಲ. ಕೆಲವರದು ತಗ್ಗು, ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಸೀದಾ ಒಳಗೆ ಬಂದುಬಿಡುತ್ತದೆ.

ಇದು ಹುಟ್ಟಿದ ಕೆಲವೇ ದಿನಗಳಲ್ಲಿ ಕಾಣಸಿಗುತ್ತದೆ. ಬೆರಿ ಬ್ರೇಝಲ್ಟನ್ ಎಂಬ ಶಿಶುವೈದ್ಯರು 1973ರಲ್ಲಿ ನವಜಾತ ಶಿಶುಗಳ ಪರೀಕ್ಷೆಯ ಒಂದು ವಿಧಾನವನ್ನು ಹೊರತಂದರು. ಅದರ ಮೊದಲ ಭಾಗ ಬಹಳ ಸ್ವಾರಸ್ಯಕರ. ಮಲಗಿರುವ ಮಗುವಿನ ಮುಚ್ಚಿದ ಕಣ್ಣಿನ ಮೇಲೆ ಟಾರ್ಚಿನ ಬೆಳಕು ಬಿಡುತ್ತಾರೆ. ಮಗು ಬೆಚ್ಚಿ ಮುಖ ಕಿವುಚುತ್ತದೆ. ಸ್ವಲ್ಪ ಬಿಟ್ಟು ಮತ್ತೆ, ಮತ್ತೆ, ಹತ್ತು ಸಲದವರೆಗೆ. ಆಮೇಲೆ ಗಿಲಕಿಯ ಸದ್ದು, ಗಂಟೆಯ ಸದ್ದು. ಕೆಲವು ಮಕ್ಕಳು ಮೂರು ನಾಲ್ಕು ಸಲಕ್ಕೆ 'ಇದು ನನಗೆ ಸಂಬಂಧಿಸಿದ್ದಲ್ಲ' ಎಂಬಂತೆ ಸುಮ್ಮನಾಗುತ್ತವೆ. ಕೆಲವು ಹತ್ತನೇ ಸಲಕ್ಕೂ ಮೊದಲಿನಂತೆಯೇ ಬೆಚ್ಚುತ್ತವೆ. ಬೇಡದ್ದನ್ನು ಗಮನದಿಂದ ದೂರ ಇಡುವುದೂ ಗಮನದ್ದೇ ಒಂದು ಕೆಲಸ ಎಂಬುದು ಇಲ್ಲಿ ತಿಳಿಯುವ ಅಂಶ. ನಿದ್ದೆ, ಗಮನ, ಹುಟ್ಟುಗುಣ ಮೂರೂ ಒಂದೇ ಹಗ್ಗದ ಎಳೆಗಳೆಂಬುದು ಈ ಟಾರ್ಚ್ ಬೆಳಕಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಈಗ ಊರಿನ ಮನೆಯನ್ನು ನೆನಪಿಸಿಕೊಳ್ಳಿ. ಬಾಣಂತಿ ಕೋಣೆ ಎಂದರೆ ಮನೆಯ ಮೂಲೆಯ ಕತ್ತಲೆ ಕೋಣೆ. ಕಿಟಕಿ ಮುಚ್ಚಿರುತ್ತದೆ. ಹೊರಗಿನವರಿಗೆ ಸುಲಭ ಪ್ರವೇಶವಿಲ್ಲ. ಸ್ನಾನಕ್ಕೆ ಒಂದೇ ಹೊತ್ತು, ಮೀಯಿಸುವ ಕೈ ಒಂದೇ. ಇಂಥ ಕೋಣೆಯಲ್ಲಿ ಹೊಸ್ತಿಲು ತಗ್ಗಾಗಿರುವ ಮಗುವೂ ಎತ್ತರವಾಗಿರುವ ಮಗುವೂ ಹೆಚ್ಚುಕಡಿಮೆ ಒಂದೇ ಥರ ಮಲಗುತ್ತವೆ. ವ್ಯತ್ಯಾಸ ಬಯಲಾಗುವುದು ಕುರ್ಲಾ ಟರ್ಮಿನಸ್‌ನಲ್ಲಿ ಇಳಿದ ಮೇಲೆ. ರಾತ್ರಿ ಹತ್ತೂವರೆಗೆ ಹೋಟೆಲಿನಿಂದಲೋ ಕ್ಯಾಂಟೀನಿನಿಂದಲೋ ಗಂಡಸರು ಬರುತ್ತಾರೆ. ಟ್ಯೂಬ್‌ಲೈಟ್ ಉರಿಯುತ್ತದೆ, ಟೀವಿಯ ವಾರ್ತೆ, ಪಾತ್ರೆಗಳ ಸದ್ದು, ನಡುರಾತ್ರಿಗೆ ನೀರು ಬಂದರೆ ಬಕೆಟ್ಟುಗಳ ಓಡಾಟ. ಒಂದು ಮಗು ಇದರ ನಡುವೆಯೇ ಬಾಯಿ ತೆರೆದು ಗೊರಕೆ ಹೊಡೆಯುತ್ತದೆ. ಇನ್ನೊಂದಕ್ಕೆ ಇದು ಹತ್ತು ಸಲವಲ್ಲ, ನೂರು ಸಲ ಕಣ್ಣಿಗೆ ಬಿಟ್ಟ ಟಾರ್ಚು. ಊರಿನಲ್ಲಿ ಸುಮ್ಮನಿದ್ದ ಮಗು ಮುಂಬಯಿಯಲ್ಲಿ ಅತ್ತರೆ ತಾಯಿ ಬದಲಾದಳೆಂದು ಅರ್ಥವಲ್ಲ, ಮಗು ಬದಲಾಯಿತೆಂದೂ ಅಲ್ಲ. ಬದಲಾದದ್ದು ಕೋಣೆ.

ಮರಳಿ ಬರುವ ಸಮಯವೂ ಇಲ್ಲಿ ಗಮನಾರ್ಹ. ಹುಟ್ಟಿದ ಮಗುವಿಗೆ ಹಗಲು-ರಾತ್ರಿಯ ಭೇದವಿಲ್ಲ. ದೇಹದ ಒಳಗಡಿಯಾರ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು. ಎಳೆಗೂಸಿನ ಅಳು ಸುಮಾರು ಆರನೇ ವಾರಕ್ಕೆ ತುತ್ತತುದಿಗೇರಿ ಮೂರು-ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ ಎಂಬುದನ್ನೂ ಬ್ರೇಝಲ್ಟನ್ ಅವರೇ 1962ರಲ್ಲಿ ದಾಖಲಿಸಿದ್ದರು. ಅಂದರೆ ಅಳುವಿನ ಮೊದಲ ಸುತ್ತು ಅಜ್ಜಿಯ ಮಡಿಲಲ್ಲಿ ಕಳೆದುಹೋಗುತ್ತದೆ. ಒಳಗಡಿಯಾರ ಆಗಷ್ಟೇ ಕೂಡಿಕೊಂಡ ಹೊತ್ತಿಗೆ ನಾವು ಮಗುವನ್ನು ರೈಲು ಹತ್ತಿಸುತ್ತೇವೆ. ಕೆಲವು ಮಕ್ಕಳು ಎರಡು ದಿನದಲ್ಲಿ ಒಗ್ಗುತ್ತವೆ. ನಿಧಾನವಾಗಿ ಒಗ್ಗುವ ಮಗುವಿಗೆ ಎರಡು-ಮೂರು ವಾರ ಹಿಡಿದರೆ ಗಾಬರಿ ಬೀಳುವಂಥದ್ದು ಏನೂ ಇಲ್ಲ.

ಗಿಲಕಿ ತೋರಿಸಿದರೆ ಅಳು ನಿಲ್ಲುತ್ತದೆಯೇ?

ನಿಲ್ಲುತ್ತದೆ, ಆದರೆ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಮೇರಿ ರಾತ್‌ಬಾರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಹುಟ್ಟುಗುಣವನ್ನು ಎರಡು ಭಾಗ ಮಾಡಿ ನೋಡಿದವರು. ಮಗು ಎಷ್ಟು ಬೇಗ ಕೆರಳುತ್ತದೆ ಎಂಬುದು ಒಂದು, ಕೆರಳಿದ್ದನ್ನು ತಾನೇ ಹೇಗೆ ತಣಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ಎಳೆಗೂಸಿನ ಬಳಿ ತಣಿಸಿಕೊಳ್ಳಲು ಇರುವ ಸಾಧನಗಳು ತೀರಾ ಕಡಿಮೆ. ಬೆರಳು ಚೀಪುವುದು ಒಂದು, ನೋಟವನ್ನು ಬೇರೆಡೆ ತಿರುಗಿಸುವುದು ಇನ್ನೊಂದು. ಈ ಎರಡನೆಯದೂ ಹುಟ್ಟುತ್ತಲೇ ಬರುವುದಿಲ್ಲ. ಒಂದೆರಡು ತಿಂಗಳ ಮಗುವಿನ ನೋಟ ಯಾವುದಾದರೂ ಹೊಳೆಯುವ ವಸ್ತುವಿಗೆ ಅಂಟಿಕೊಂಡರೆ ಕಿತ್ತು ತೆಗೆಯಲು ಅದಕ್ಕೇ ಆಗುವುದಿಲ್ಲ. ಫ್ಯಾನನ್ನೋ ಬಲ್ಬನ್ನೋ ದಿಟ್ಟಿಸುತ್ತಾ ದಿಟ್ಟಿಸುತ್ತಾ ಅಳಲು ಶುರು ಮಾಡುವ ಮಗುವನ್ನು ಎಲ್ಲರೂ ನೋಡಿದ್ದೇವೆ. ನಾಲ್ಕು ತಿಂಗಳ ಹೊತ್ತಿಗೆ ನೋಟ ಬಿಡಿಸಿಕೊಳ್ಳುವ ಶಕ್ತಿ ಬರುತ್ತದೆ, ಸುಲಭವಾಗಿ ಬಿಡಿಸಿಕೊಳ್ಳುವ ಮಕ್ಕಳನ್ನು ಸಮಾಧಾನಪಡಿಸುವುದೂ ಸುಲಭ.

1997ರಲ್ಲಿ ರಾತ್‌ಬಾರ್ಟ್, ಮೈಕಲ್ ಪೋಸ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗದ ಫಲಿತಾಂಶವನ್ನು ನಮ್ಮ ಮನೆಗಳ ಗೋಡೆಗೆ ಬರೆದು ಅಂಟಿಸಬೇಕು. ಮೂರರಿಂದ ಆರು ತಿಂಗಳ ಮಕ್ಕಳು ಕೆರಳಿ ಅಳುವಾಗ ಬಣ್ಣದ, ಸದ್ದಿನ ವಸ್ತು ತೋರಿಸಿದರು. ಮಕ್ಕಳು ಅತ್ತ ನೋಡಿದವು, ಅಳು ನಿಂತಿತು. ವಸ್ತುವನ್ನು ತೆಗೆದೊಡನೆ ಅಳು ಹೆಚ್ಚುಕಡಿಮೆ ಮೊದಲಿನಷ್ಟೇ ಜೋರಾಗಿ ಮರಳಿತು. ಸಂಕಟ ಒಳಗೇ ಇತ್ತು, ಮುಚ್ಚಳ ಮಾತ್ರ ಬಿದ್ದಿತ್ತು. ಮಗು ಅತ್ತಾಗ ಗಿಲಕಿ, ಅದು ಸಾಲದಾದಾಗ ಕೀಲಿ ಗೊಂಚಲು, ಆಮೇಲೆ ಮೊಬೈಲಿನ ಹಾಡು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವರ್ಗಾವಣೆ, ಇಷ್ಟೆಲ್ಲ ಆದ ಮೇಲೂ 'ಸುಮ್ಮನಿದ್ದದ್ದು ಮತ್ತೆ ಶುರು ಮಾಡಿತು' ಎಂದರೆ ಅದು ಹಟವಲ್ಲ. ನಿದ್ದೆಗೆ ಹಾತೊರೆಯುವ ಮಗುವಿಗೆ ಇನ್ನೊಂದು ಆಟಿಕೆ ಕೊಡುವುದೆಂದರೆ ಹಸಿದವನಿಗೆ ಪೇಪರು ಓದಲು ಕೊಟ್ಟಂತೆ.

ಮಗು ಮುಖವನ್ನು ಪಕ್ಕಕ್ಕೆ ತಿರುಗಿಸುವುದು, ಕಣ್ಣು ತಿಕ್ಕುವುದು, ಕಿವಿ ಹಿಡಿಯುವುದು, ಶೂನ್ಯ ನೋಟ ಇವೆಲ್ಲ 'ಸಾಕು' ಎಂಬುದಕ್ಕೆ ಅದರ ಭಾಷೆ. ಬಂದ ನೆಂಟರು ಇದನ್ನು ತಪ್ಪಾಗಿ ತಿಳಿದು "ಮಾಮಿಯನ್ನು ನೋಡು, ಇತ್ತ ನೋಡು" ಎಂದು ಗಲ್ಲ ಹಿಡಿದು ಮುಖ ತಿರುಗಿಸುತ್ತಾರೆ. ಹತ್ತು ಜನ ಹೀಗೆ ಮಾಡಿ ಹೋದ ಸಂಜೆ ಮಗು ಚೀರಿ ಅತ್ತರೆ ದೃಷ್ಟಿ ತಾಗಿತೆಂಬ ತೀರ್ಮಾನ. ತಮಾಷೆಯೆಂದರೆ ಇಲ್ಲಿ ಹಿರಿಯರ ರೋಗನಿದಾನದ ಅರ್ಧ ಭಾಗ ಸರಿ. ಹತ್ತು ಜನರ ಕಣ್ಣು ತಾಗಿದ್ದು ನಿಜ, ಮಗುವಿನ ಕಣ್ಣಿಗೆ ಹತ್ತು ಜನ ತಾಗಿದ್ದೂ ನಿಜ. ಉಪ್ಪು-ಮೆಣಸು ನಿವಾಳಿಸಿ, ದೀಪ ಸಣ್ಣದು ಮಾಡಿ, ಬಾಗಿಲು ಹಾಕಿ, ತಾಯಿಯ ಮಗ್ಗುಲಲ್ಲಿ ಮಲಗಿಸಿದರೆ ಮಗು ಮಲಗುತ್ತದೆ. ಮೆಣಸಿನ ಘಾಟು ಮಗುವಿಗೆ ತಾಕದಿದ್ದರೆ ಈ ಚಿಕಿತ್ಸೆಗೆ ಆಕ್ಷೇಪವಿಲ್ಲ. ಕೆಲಸ ಮಾಡಿದ್ದು ಮುಚ್ಚಿದ ಬಾಗಿಲು ಎಂದು ನೆನಪಿಟ್ಟುಕೊಂಡರೆ ಸಾಕು.

ವಲಸೆ ಬಂದವರ ಖೋಲಿ, ಅಲ್ಲಿಯೂ ಇಲ್ಲಿಯೂ

ಚೆಸ್ ಮತ್ತು ಥಾಮಸ್ ತಮ್ಮ ಮೊದಲ ಅಧ್ಯಯನದಲ್ಲಿ ಅನುಕೂಲಸ್ಥ ಮಧ್ಯಮವರ್ಗದ ಮಕ್ಕಳನ್ನೇ ನೋಡಿದ್ದರು. ಆಮೇಲೆ ಅದೇ ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕೊ ಮೂಲದ ಕಾರ್ಮಿಕ ಕುಟುಂಬಗಳ ಮಕ್ಕಳನ್ನೂ ಗಮನಿಸಿದರು. ಹೊಟ್ಟೆಪಾಡಿಗಾಗಿ ದ್ವೀಪದಿಂದ ಮಹಾನಗರಕ್ಕೆ ಬಂದು ಚಿಕ್ಕ ಚಿಕ್ಕ ಫ್ಲಾಟುಗಳಲ್ಲಿ ನೆಲೆಸಿದ ಜನರ ಸಂತತಿ. ಮುಂಬಯಿಯವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಅಲ್ಲಿ ಕಂಡದ್ದು ಕುತೂಹಲಕರ. ಮಧ್ಯಮವರ್ಗದ ಮನೆಗಳಲ್ಲಿ ಮಗು ಸಂಜೆಯೇ, ನಿಗದಿತ ಹೊತ್ತಿಗೆ, ತನ್ನ ಕೋಣೆಯಲ್ಲಿ ಮಲಗಬೇಕೆಂಬ ನಿಯಮ. ನಿದ್ದೆಗೆ ಹೊತ್ತುಗೊತ್ತಿಲ್ಲದ ಹುಟ್ಟುಗುಣದ ಮಗು ಅಂಥ ಮನೆಯಲ್ಲಿ ಹುಟ್ಟಿದರೆ ದಿನವೂ ಯುದ್ಧ, ವೈದ್ಯರ ಬಳಿಗೆ ಓಟ. ಪೋರ್ಟೊ ರಿಕೊದವರ ಮನೆಗಳಲ್ಲಿ ಮಗು ನಿದ್ದೆ ಬಂದಾಗ ಮಲಗುತ್ತಿತ್ತು, ದೊಡ್ಡವರ ನಡುವೆಯೇ ಇರುತ್ತಿತ್ತು. ಅದೇ ಗುಣದ ಮಗುವಿನ ಬಗ್ಗೆ ಅಲ್ಲಿ ದೂರು ಕಡಿಮೆ. ತೊಂದರೆ ಕಾಣಿಸಿಕೊಂಡದ್ದು ಶಾಲೆ ಶುರುವಾಗಿ ಬೆಳಿಗ್ಗೆ ಎಬ್ಬಿಸಬೇಕಾಗಿ ಬಂದಾಗ. ಚಟುವಟಿಕೆಯ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಓಡಾಡಲು ಜಾಗವಿರುವ ಮನೆಯಲ್ಲಿ ಚುರುಕಾದ ಮಗುವನ್ನು ಚುರುಕು ಎಂದರು. ಚಿಕ್ಕ ಫ್ಲಾಟಿನಲ್ಲಿ, ಬೀದಿಗೆ ಬಿಡಲು ಹೆದರುವ ತಾಯಂದಿರು ಅಂಥದೇ ಮಗುವನ್ನು ಹಿಡಿತಕ್ಕೆ ಸಿಗದ್ದು ಎಂದು ಕರೆತಂದರು. ಗುಣ ಒಂದೇ, ಹೆಸರು ಎರಡು. ದೋಷ ಮಗುವಿನಲ್ಲಿಯೂ ಇಲ್ಲ, ಮನೆಯಲ್ಲಿಯೂ ಇಲ್ಲ, ಎರಡೂ ಹೊಂದಿಕೊಳ್ಳುತ್ತವೆಯೇ ಎಂಬುದರಲ್ಲಿದೆ ಎಂದು ಆ ದಂಪತಿ ಹೇಳಿದರು. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ನಮ್ಮ ಗಾದೆ ಅರ್ಧಕ್ಕೆ ನಿಂತುಬಿಡುತ್ತದೆ. ಗುಣ ಹೋಗದಿದ್ದರೂ ಹೊಂದಿಸಿಕೊಳ್ಳುವ ಕೆಲಸ ಬಾಕಿ ಇರುತ್ತದೆ.

ಕಷ್ಟದ ಮಗು ಎಂಬ ಪದವೂ ಪೂರ್ತಿ ಸರಿಯಲ್ಲ. ಮಾರ್ಟೆನ್ ಡಿವ್ರೀಸ್ ಎಂಬ ಸಂಶೋಧಕರು 1974ರ ಬರಗಾಲದ ಹೊತ್ತಿಗೆ ಪೂರ್ವ ಆಫ್ರಿಕಾದ ಮಸಾಯಿ ಜನರ ನಡುವೆ ಇದ್ದರು. ನಾಲ್ಕೈದು ತಿಂಗಳ ಮಕ್ಕಳಲ್ಲಿ ಅತಿ ಸುಲಭದವು ಮತ್ತು ಅತಿ ಕಷ್ಟದವು ಯಾವುವೆಂದು ಗುರುತು ಹಾಕಿಕೊಂಡು, ಕೆಲವು ತಿಂಗಳ ನಂತರ ಮರಳಿ ಹುಡುಕಿದರು. ಪತ್ತೆಯಾದ 7 ಸುಲಭದ ಮಕ್ಕಳಲ್ಲಿ 5 ಸತ್ತಿದ್ದವು. 6 ಕಷ್ಟದ ಮಕ್ಕಳಲ್ಲಿ ಸತ್ತದ್ದು ಒಂದೇ. ಸಂಖ್ಯೆ ಬಹಳ ಸಣ್ಣದು, ಇದರ ಮೇಲೆ ಸಿದ್ಧಾಂತ ಕಟ್ಟಲಾಗದು. ಆದರೂ ಬರಗಾಲದಲ್ಲಿ ಜೋರಾಗಿ ಅತ್ತ ಮಗುವಿಗೆ ಹಾಲು ಸಿಕ್ಕಿತು, ಸುಮ್ಮನೆ ಮಲಗಿದ್ದ ಮಗು ಸುಮ್ಮನೇ ಹೋಯಿತು ಎಂದು ಊಹಿಸಲು ಅಡ್ಡಿಯಿಲ್ಲ. ರಾತ್ರಿ ಒಂದು ಗಂಟೆಗೆ ಎದ್ದು ಕೂತ ತಾಯಿಗೆ ಇದರಿಂದ ನಿದ್ದೆ ಬಾರದಾದರೂ ಅಳುವ ಮಗುವನ್ನು ನೋಡುವ ಕಣ್ಣು ಬದಲಾದೀತು.

ಮಲಗಿಸುವ ಔಷಧಿಗಳು

ಇಲ್ಲಿ ಮುಂಬಯಿಯ ಒಂದು ಹಳೆಯ ಕಥೆಯನ್ನು ಹೇಳಲೇಬೇಕು. 1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿಗತಿಯನ್ನು ಸರಕಾರಕ್ಕಾಗಿ ಪರಿಶೀಲಿಸಿದರು. ಈ ಕಾರ್ಮಿಕ ಮಹಿಳೆಯರ ಶಿಶುಗಳಲ್ಲಿ ಶೇ. 98ರಷ್ಟಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಅವರ ವರದಿ ಹೇಳಿತು. 'ಬಾಳಗೋಳಿ' ಎಂಬ ಹೆಸರಿನ ಪುಟ್ಟ ಗುಳಿಗೆ. ಬೆಳಿಗ್ಗೆ ಗುಳಿಗೆ ನುಂಗಿಸಿ ತಾಯಿ ಗಿರಣಿಗೆ ಹೋದರೆ ಮಗು ಮಂಪರಿನಲ್ಲಿ ಬಿದ್ದಿರುತ್ತಿತ್ತು. ಅಳದ, ಹಸಿವೆಂದು ಹೇಳದ, ಹೀಗಾಗಿ ಹಾಲೂ ಸಿಗದ ಮಗು. ಆ ತಾಯಂದಿರನ್ನು ಬೈಯುವುದು ಸುಲಭ. ಹತ್ತು ಗಂಟೆಗಳ ಪಾಳಿ, ಮಗುವನ್ನು ಬಿಡಲು ಜಾಗವಿಲ್ಲ, ಮನೆಯಲ್ಲಿ ಮತ್ತೊಬ್ಬ ದೊಡ್ಡವರಿಲ್ಲ. ಬೇರೇನು ಮಾಡಬಹುದಿತ್ತು ಎಂಬುದಕ್ಕೆ ಆ ಕಾಲದ ಮುಂಬಯಿ ಉತ್ತರ ಕೊಟ್ಟಿರಲಿಲ್ಲ. ಗಿರಣಿಗಳಲ್ಲಿ ಶಿಶುಗೃಹ ಬೇಕೆಂಬ ಕೂಗಿಗೆ ಇಂಥ ವರದಿಗಳೂ ದನಿಗೂಡಿಸಿದವು. ಕೊನೆಗೆ 1948ರ ಕಾರ್ಖಾನೆ ಕಾಯ್ದೆಯಲ್ಲಿ ಶಿಶುಗೃಹದ ನಿಯಮ ಸೇರಿತು.

ಬಾಳಗೋಳಿ ಹೋಯಿತು, ಮಲಗಿಸುವ ಆಸೆ ಹೋಗಲಿಲ್ಲ. ಇಂದು ಶೀತದ ಸಿರಪ್ಪಿನ ಎರಡು ಹನಿ ಹೆಚ್ಚಿಗೆ ಹಾಕಿದರೆ ಮಗು ಮಲಗುತ್ತದೆ ಎಂದು ಪಿಸುಗುಟ್ಟುವವರಿದ್ದಾರೆ. ಮಂಪರು ತರಿಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಶೀತದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸೂಚಿಸಿದೆ. ಜಾಯಿಕಾಯಿಯನ್ನು ಕಲ್ಲಿನಲ್ಲಿ ತೇಯ್ದು ನೆಕ್ಕಿಸುವುದು ನಮ್ಮ ಹಳೆಯ ಪದ್ಧತಿ. ಜಾಯಿಕಾಯಿಯಲ್ಲಿಯೂ ಮಂಪರು ತರಿಸುವ ಅಂಶವಿದೆ, ಪ್ರಮಾಣ ಹೆಚ್ಚಾದರೆ ಅದು ವಿಷ. ಅಜ್ಜಿಯ ಕೈ ಎರಡು ಸುತ್ತು ತೇಯುತ್ತಿದ್ದದ್ದನ್ನು ಅವಸರದ ಕೈ ಹತ್ತು ಸುತ್ತು ತೇಯ್ದರೆ ಅಳೆಯುವವರು ಯಾರು? ಆರು ತಿಂಗಳವರೆಗೆ ತಾಯಿ ಹಾಲಿನ ಹೊರತು ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಗ್ರೈಪ್ ವಾಟರ್, ಗುಟ್ಟಿ, ಜೇನು ಎಲ್ಲಕ್ಕೂ ಈ ಮಾತು ಅನ್ವಯ. ಜೇನನ್ನಂತೂ ಒಂದು ವರ್ಷ ತುಂಬುವ ತನಕ ಕೊಡಬಾರದು.

ಹಾಗೆಂದು ಎಲ್ಲ ಅಳುವನ್ನೂ ಹುಟ್ಟುಗುಣದ ಖಾತೆಗೆ ಜಮಾ ಮಾಡುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆಯಿರುವ ಮಗು ಸಿಡುಕುತ್ತದೆ, ಅದರ ನಿದ್ದೆಯ ವಿನ್ಯಾಸವೂ ಏರುಪೇರಾಗುತ್ತದೆ. ಇದನ್ನು ಗುಣವೆಂದು ಸುಮ್ಮನಿದ್ದರೆ ಗುಣವಾಗಬಹುದಾದ ಕಾಯಿಲೆಯನ್ನು ಪೋಷಿಸಿದಂತೆ. ಜ್ವರ, ಹಾಲು ಬಿಡುವುದು, ತೂಕ ಏರದಿರುವುದು, ಕಿವಿ ಸೋರುವುದು, ನಿದ್ದೆಯಲ್ಲಿ ಉಸಿರುಗಟ್ಟಿದಂತೆ ಗೊರಕೆ, ಎಂದಿನ ಅಳುವಿಗಿಂತ ಬೇರೆಯೇ ಧ್ವನಿಯ ಅಳು ಇವುಗಳಲ್ಲಿ ಒಂದು ಕಂಡರೂ ಮಕ್ಕಳ ಡಾಕ್ಟರರ ಬಳಿ ಹೋಗಬೇಕು. ಮಗು ಮಲಗದೆ ತಾಯಿಯೇ ದಿನವಿಡೀ ಅಳುತ್ತಿದ್ದರೆ ಆಕೆಯನ್ನೂ ಡಾಕ್ಟರರಿಗೆ ತೋರಿಸಬೇಕಾದ ಹೊಣೆ ಮನೆಯವರದು.

ನಿದ್ದೆ ಎಷ್ಟು, ಯಾವಾಗ

ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹನ್ನೆರಡಕ್ಕೂ ಹದಿನಾರಕ್ಕೂ ಎಷ್ಟು ಅಂತರ ನೋಡಿ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವವರಿಗೆ ಈ ಅಂತರವೇ ಉತ್ತರ. ಜೋಡಿ ಮಿಂಡೆಲ್, ಅವಿ ಸಾದೆ ಮುಂತಾದವರು 2010ರಲ್ಲಿ ಭಾರತವೂ ಸೇರಿದಂತೆ 17 ದೇಶ-ಪ್ರದೇಶಗಳ 29,287 ಮಕ್ಕಳ ನಿದ್ದೆಯ ವಿವರ ಪ್ರಕಟಿಸಿದರು. ನ್ಯೂಜಿಲೆಂಡಿನ ಮಕ್ಕಳು ರಾತ್ರಿ ಏಳೂವರೆಗೆ ಮಲಗಿದರೆ ಹಾಂಗ್‌ಕಾಂಗ್‌ನವರು ಹತ್ತು ಕಾಲಿಗೆ. ಏಷ್ಯಾದ ಮಕ್ಕಳು ತಡವಾಗಿ, ತಂದೆತಾಯಿಯ ಕೋಣೆಯಲ್ಲೇ ಮಲಗುವುದು ಹೆಚ್ಚು. ಹಾಗಾಗಿ ಏಳಕ್ಕೆ ಮಲಗಿಸಿ ಬಾಗಿಲು ಹಾಕಿ ಹೊರಗೆ ಬನ್ನಿ ಎಂಬ ಇಂಗ್ಲಿಷ್ ಪುಸ್ತಕಗಳ ಸಲಹೆ ಒಂದೇ ಖೋಲಿಯ ಮನೆಯಲ್ಲಿ ನಗು ತರಿಸುವುದು ಸಹಜ. ಹೊರಗೆ ಬಂದು ಹೋಗುವುದೆಲ್ಲಿಗೆ, ಗ್ಯಾಲರಿಗೆ?

ಆದರೆ ಆ ಪುಸ್ತಕಗಳ ಹಿಂದಿರುವ ಒಂದು ಸಂಗತಿ ಎಲ್ಲ ಖೋಲಿಗಳಿಗೂ ಸಲ್ಲುತ್ತದೆ. ಟಾಮ್ ಆಂಡರ್ಸ್ ಎಂಬ ವೈದ್ಯರು ರಾತ್ರಿಯಿಡೀ ಶಿಶುಗಳ ವಿಡಿಯೋ ತೆಗೆದಾಗ ತಿಳಿದದ್ದು, ಎಲ್ಲ ಮಕ್ಕಳೂ ರಾತ್ರಿ ಏಳುತ್ತವೆ ಎಂದು. ಚೆನ್ನಾಗಿ ಮಲಗುತ್ತದೆ ಎಂದು ತಾಯಿ ಹೊಗಳುವ ಮಗುವೂ ಏಳುತ್ತದೆ, ಆದರೆ ಕೂಗದೆ ಮತ್ತೆ ಮಲಗುತ್ತದೆ. ಎಳೆಗೂಸಿನ ನಿದ್ದೆಯಲ್ಲಿ ಅರ್ಧದಷ್ಟು ಚಂಚಲ ನಿದ್ದೆ. ಅದರಲ್ಲಿ ಮುಲುಕುವುದು, ನಗುವುದು, ಕೈಕಾಲು ಝಾಡಿಸುವುದು, ಅಳುವಂತೆ ಮುಖ ಮಾಡುವುದು ಎಲ್ಲ ಇದೆ. ಮುಲುಕಿದ ಕೂಡಲೇ ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದಂತೆ. ಒಂದು ನಿಮಿಷ ಕಾದು ನೋಡಲು ಬೇರೆ ಕೋಣೆ ಬೇಕಿಲ್ಲ. ಸೀರೆಯ ಜೋಲಿ ತೂಗಿದರೆ ಮಾತ್ರ ಮಲಗುವ ಮಗು ನಡುರಾತ್ರಿ ಎದ್ದಾಗಲೂ ಜೋಲಿಯನ್ನೇ ಕೇಳುತ್ತದೆ. ಅರೆನಿದ್ದೆಗೆ ಬಂದಾಗ ತೂಗುವುದನ್ನು ನಿಲ್ಲಿಸಿ, ಉಳಿದರ್ಧ ಅದಕ್ಕೇ ಬಿಡುವುದನ್ನು ನಾಲ್ಕೈದು ತಿಂಗಳಿನಿಂದ ಅಭ್ಯಾಸ ಮಾಡಿಸಬಹುದು. ಸುಲಭದ ಮಗು ವಾರದಲ್ಲಿ ಕಲಿಯುತ್ತದೆ. ಕಷ್ಟದ ಮಗುವಿನ ಜೊತೆ ಹಟಕ್ಕೆ ಬೀಳಬಾರದು, ಎರಡು ತಿಂಗಳು ಬಿಟ್ಟು ಮತ್ತೆ ನೋಡಬಹುದು. ಮಲಗಿಸುವುದು ಬೆನ್ನ ಮೇಲೆ, ಮುಖದ ಬಳಿ ದಿಂಬು-ರಗ್ಗು ಇಲ್ಲದಂತೆ. ಬೀಡಿ-ಸಿಗರೇಟು ಸೇದುವವರು, ಕುಡಿದವರು ಎಳೆಮಗುವಿನ ಪಕ್ಕ ಮಲಗಬಾರದು.

ಚೆನ್ನಾಗಿ ಮಲಗಿದ ಮಗು ಮುಂದೆ ಗಮನವಿಟ್ಟು ಕಲಿಯುತ್ತದೆಯೇ? ಸಾದೆ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ನಿದ್ದೆ ತುಂಡು ತುಂಡಾಗಿದ್ದ ಮಕ್ಕಳಿಗೆ ಮೂರು-ನಾಲ್ಕು ವರ್ಷದಲ್ಲಿ ಗಮನ ಹಿಡಿದಿಡುವುದು ಕಷ್ಟವಾಗುತ್ತಿದ್ದದ್ದು ಕಂಡಿತು. ನೋಡಿದ ಮಕ್ಕಳು ಕಡಿಮೆ. ನಿದ್ದೆ ಗಮನವನ್ನು ಕೆಡಿಸಿತೋ, ಒಂದೇ ಹುಟ್ಟುಗುಣ ಎರಡನ್ನೂ ಹಾಗೆ ಮಾಡಿತೋ ಎಂದು ಅಷ್ಟರಿಂದ ಹೇಳಲಾಗದು. ಇನ್ನೊಂದು ಮಾತಿದೆ. ಗಮನ ಬೇಗನೆ ಬೇರೆಡೆ ತಿರುಗುವ ಗುಣ ಹಸುಗೂಸಿನಲ್ಲಿ ವರವೇ. ಅಂಥ ಮಗುವನ್ನು ಸಮಾಧಾನಪಡಿಸುವುದು ಸುಲಭ. ಅದೇ ಗುಣಕ್ಕೆ ಮೂರನೇ ಕ್ಲಾಸಿನಲ್ಲಿ ಟೀಚರ್ ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದು ಕಳುಹಿಸುತ್ತಾರೆ.

2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿದ್ದರಿಂದ ಉದ್ಯೋಗಸ್ಥ ತಾಯಂದಿರಿಗೆ ಊರಿನಿಂದ ಮರಳಿದ ಮೇಲೂ ಒಂದೆರಡು ತಿಂಗಳು ಮಗುವನ್ನು ಅರಿಯಲು ಸಿಗುತ್ತದೆ, ರಜೆಯ ಸವಲತ್ತು ಇರುವ ನೌಕರಿಯಾದರೆ. ಆಮೇಲೆ ಪಾಳ್ಣಾಘರ್. ಅಲ್ಲಿಯ ಮಾವಶಿಗೆ ಹಾಲಿನ ಬಾಟಲಿ, ಬಟ್ಟೆಯ ಜೊತೆಗೆ ಒಂದು ಚೀಟಿಯನ್ನೂ ಕೊಡುವುದು ಒಳ್ಳೆಯದು. ಮಗುವಿಗೆ ನಿದ್ದೆ ಬಂದರೆ ಏನು ಮಾಡುತ್ತದೆ, ಕಣ್ಣು ತಿಕ್ಕುತ್ತದೋ ಕಿವಿ ಹಿಡಿಯುತ್ತದೋ. ಸದ್ದಿಗೆ ಬೆಚ್ಚುವ ಮಗುವಾದರೆ ಬಾಗಿಲ ಬಳಿ ಮಲಗಿಸಬೇಡಿ ಎಂದು. ಹೊಸಬರ ಕೈಗೆ ಹೋಗಲು ಹೊತ್ತು ಬೇಕಾದ ಮಗುವಾದರೆ ಮೊದಲ ವಾರ ತಾಯಿಯೋ ಅಜ್ಜಿಯೋ ಒಂದೆರಡು ಗಂಟೆ ಜೊತೆಗಿದ್ದು ಬಿಟ್ಟುಬರಬೇಕು. ಸಂಜೆ ಮಗುವನ್ನು ಎತ್ತಿಕೊಳ್ಳುವಾಗ ಬಹುತೇಕ ತಾಯಂದಿರು ಕೇಳುವ ಪ್ರಶ್ನೆ "ಅತ್ತಿತಾ?" ಎಂಬುದು. ಅದಕ್ಕಿಂತ, ಕೊನೆಯ ಸಲ ನಿದ್ದೆಯಿಂದ ಎದ್ದದ್ದು ಎಷ್ಟು ಗಂಟೆಗೆ ಎಂದು ಕೇಳಿದರೆ ಅಂದಿನ ರಾತ್ರಿಯ ಲೆಕ್ಕ ಸಿಗುತ್ತದೆ. ಆರು ಗಂಟೆಗೆ ಎದ್ದ ಮಗುವನ್ನು ಎಂಟಕ್ಕೆ ಮಲಗಿಸಲು ಹೊರಟರೆ ಹತ್ತರವರೆಗೆ ಅದೂ ಅಳುತ್ತದೆ, ಮನೆಯವರೂ ಕಾಯಬೇಕಾಗುತ್ತದೆ.